ಅಕ್ಕ ಕತ್ತರಿಸಿದ ಚೀನಾ ಚಿತ್ರ

ನಮ್ಮ ಬಾಗಲಕೋಟೆಗೆ ಚೀನಾದ ಬಗ್ಗೆ ಗೊತ್ತಿರುವುದೆಲ್ಲ ಸಂಜೆ ತಳ್ಳುಗಾಡಿಯ ಮೇಲೆ ಕೆಂಪು ಬಳಿದುಕೊಂಡು ಬೇಯುವ ಗೋಬಿ ಮಂಚೂರಿ ಮಾತ್ರ. ಚೀನಾದ ಚಿತ್ರಕಲೆಯ ಬಗ್ಗೆ ಜಿಲ್ಲೆಯಲ್ಲಿ ಅಧಿಕಾರದಿಂದ ಮಾತಾಡಬಲ್ಲವನು ನಾನೊಬ್ಬನೇ ಎಂದು ಬಹಳ ವರ್ಷ ನಂಬಿದ್ದೆ. ಅದಕ್ಕೆ ಆಧಾರ ಒಂದೇ ಒಂದು ಪುಸ್ತಕ. ಹುನಗುಂದದ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕನಾಗಿದ್ದಾಗ ನನ್ನ ಪಿರಿಯಡ್ಡುಗಳನ್ನು ಗಣಿತದ ಮಾಸ್ತರರು ಕೇಳಿ ತೆಗೆದುಕೊಳ್ಳುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ಕೇಳದೆಯೂ ತೆಗೆದುಕೊಳ್ಳುತ್ತಿದ್ದರು. ಹಾಗೆ ದೊರೆತ ಬಿಡುವಿನಲ್ಲಿ ಶಾಲೆಯ ಕಪಾಟಿನಲ್ಲಿ ಜಿರಲೆಗಳ ಹೊರತು ಯಾರೂ ಮುಟ್ಟದ ಆ ಪುಸ್ತಕವನ್ನು ಏಳೆಂಟು ಸಲ ಓದಿದೆ. ಓದಿ ಪಂಡಿತನಾದೆ. ಶಿಕ್ಷಣ ಇಲಾಖೆಯ ಉಪಕಾರ ದೊಡ್ಡದು.

ಅದರಲ್ಲಿ ನನಗೆ ಹಿಡಿಸಿದ್ದು ಶಾಂಘೈ ಪಂಥ. ಹತ್ತೊಂಬತ್ತನೆಯ ಶತಮಾನದಲ್ಲಿ ಒಳನಾಡಿನ ದಂಗೆಗೆ ಹೆದರಿ ಚಿತ್ರಗಾರರು ಓಡಿ ಬಂದು ಸಮುದ್ರ ವ್ಯಾಪಾರದ ಶಾಂಘೈ ಪಟ್ಟಣ ಸೇರಿಕೊಂಡರು. ಅಲ್ಲಿಯವರೆಗೆ ಚೀನಾದಲ್ಲಿ ದೊಡ್ಡ ಚಿತ್ರಗಾರನೆಂದರೆ ಪಂಡಿತ. ಅವನು ಮಂಜು ಮುಸುಕಿದ ಬೆಟ್ಟ ಬರೆದು ಗೆಳೆಯರಿಗೆ ಕೊಡಬೇಕು, ಹಣದ ಮಾತೆತ್ತಿದರೆ ಮೂಗು ಮುರಿಯಬೇಕು. ಶಾಂಘೈಗೆ ಬಂದವರಿಗೆ ಮೂಗು ಮುರಿಯಲು ಪುರುಸೊತ್ತಿರಲಿಲ್ಲ, ಹೊಟ್ಟೆ ಇತ್ತು. ಕೊಳ್ಳುವವರು ರೇಷ್ಮೆ, ಚಹಾ ವ್ಯಾಪಾರಿಗಳು. ಅವರಿಗೆ ಮಂಜು ಬೇಡ. ಹೂವು, ಹಕ್ಕಿ, ಕಾಯಿಪಲ್ಲೆ, ಢಾಳಾದ ಬಣ್ಣ ಬೇಕು. ಚಿತ್ರಗಾರರು ಒಂದು ಅಡಿ ಚಿತ್ರಕ್ಕೆ ಇಷ್ಟು ಎಂದು ದರಪಟ್ಟಿ ಮಾಡಿ ಕಾಗದದ ಅಂಗಡಿಗಳಲ್ಲಿಟ್ಟರು. ಪಂಡಿತರು ಥೂ ಅಂದರು. ಹಾಗೆ ಥೂ ಅನ್ನಿಸಿಕೊಂಡ ಚಿತ್ರಗಳನ್ನೇ ಈಗ ಹರಾಜಿನಲ್ಲಿ ಕೋಟಿಗಟ್ಟಲೆ ಕೊಟ್ಟು ಒಯ್ಯುತ್ತಾರೆ, ಪಂಡಿತರೇ ಮುಂದೆ ನಿಂತು ಮೆಚ್ಚುತ್ತಾರೆ. ಮೊಳ ಹಾಕಿ ಸೀರೆ ಮಾರುವ ಇಳಕಲ್ಲಿನ ಪೇಟೆ ನೋಡುತ್ತ ಬೆಳೆದ ನನಗೆ ಇದರಲ್ಲಿ ತಿಳಿಯದ ಮಾತು ಒಂದೂ ಇರಲಿಲ್ಲ.

ಇಷ್ಟೆಲ್ಲ ಜ್ಞಾನವಿದ್ದೂ ನಾನು ಕಣ್ಣಾರೆ ಕಂಡ ಚೀನಾ ಚಿತ್ರ ಒಂದೇ. ಅದು ಗುಳೇದಗುಡ್ಡದಲ್ಲಿ ನಮ್ಮ ಅಕ್ಕನ ಮನೆಯ ಟ್ರಂಕಿನಲ್ಲಿತ್ತು.

ಅಕ್ಕ ಕುಪ್ಪಸದ ಖಣ ನೇಯುವವಳು. ಅವಳ ಗಂಡ, ನಾನು ಮಾಮಾ ಎಂದು ಕರೆಯುತ್ತಿದ್ದವರು, ಬಾದಾಮಿಯ ಗುಹೆಗಳಲ್ಲಿ ಗೈಡ್ ಆಗಿದ್ದರು. ದಿನಾ ಬೆಳಿಗ್ಗೆ ಅಕ್ಕ ಕಟ್ಟಿಕೊಟ್ಟ ಬುತ್ತಿ ಹಿಡಿದು ಬಸ್ಸಿಗೆ ಹೋಗಿ, ದಿನವಿಡೀ ಚಾಲುಕ್ಯರ ಮನೆಯ ಒಳಗಿನ ಜಗಳಗಳನ್ನು ಪಕ್ಕದ ಮನೆಯವರ ಜಗಳದಂತೆ ವರ್ಣಿಸಿ, ಸಂಜೆ ಗಂಟಲು ಕಟ್ಟಿಕೊಂಡು ಬರುತ್ತಿದ್ದರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಚೀನಾದ ಯಾವುದೋ ಕಲಾಶಾಲೆಯ ಒಬ್ಬ ಮುದುಕ ಮಾಸ್ತರ ಬಾದಾಮಿಗೆ ಬಂದು ಎಂಟು ದಿನ ಕೆರೆಯ ದಂಡೆಯಲ್ಲಿ ಕುಳಿತು ಚಿತ್ರ ಬರೆದ. ಬರುವ ದಾರಿಯಲ್ಲೇ ಹೋಟೆಲಿನ ಖಾರಕ್ಕೆ ಅವನ ಹೊಟ್ಟೆ ಕೆಟ್ಟಿತ್ತು. ಮಾಮಾ ಮನೆಗೆ ಬಂದು, ಒಬ್ಬ ದೊಡ್ಡ ಮನುಷ್ಯ ಬಂದಾನ, ನಾಳಿಂದ ಬುತ್ತಿ ಎರಡು ಕಟ್ಟು, ಖಾರ ಕಮ್ಮಿ ಹಾಕು ಎಂದರು. ಅಕ್ಕ ಕಟ್ಟಿದಳು. ಯಾರಿಗೆ ಎಂದು ಕೇಳಲೂ ಇಲ್ಲ. ಗಂಡ ದಾರಿಯಲ್ಲಿ ಹೋಗುವವರನ್ನೆಲ್ಲ ಊಟಕ್ಕೆ ಕರೆಯುವವ ಎಂದು ಅವಳಿಗೆ ಗೊತ್ತಿತ್ತು.

ಒಂಬತ್ತನೆಯ ದಿನ ಮುದುಕ ಹೊರಟಾಗ ಮಾಮಾನ ಕೈಗೆ ಒಂದು ಸುರುಳಿ ಕೊಟ್ಟ. ಬಾದಾಮಿಯ ಕೆಂಪು ಬಂಡೆ, ಕೆರೆ, ಗುಡಿ, ಮಂಗ ಎಲ್ಲವನ್ನೂ ಬಿಟ್ಟು ಆ ಮಹಾನುಭಾವ ಬರೆದದ್ದು ಎಲೆಸಹಿತ ಎರಡು ಮೂಲಂಗಿ, ಒಂದು ಹಸಿ ಉಳ್ಳಾಗಡ್ಡಿ. ಉಳಿದ ಕಾಗದವೆಲ್ಲ ಖಾಲಿ. ಎಡಗಡೆಯ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದು ಸಾಲು ಚೀನಾ ಅಕ್ಷರ, ಅದರ ಬುಡದಲ್ಲಿ ಎರಡು ಕೆಂಪು ಮುದ್ರೆ.

"ನನ್ನ ಹೆಸರ ಬರದು ನನಗಂತನ ಕೊಟ್ಟಾನ" ಎಂದು ಮಾಮಾ ಊರೆಲ್ಲ ಹೇಳಿಕೊಂಡು ಬಂದರು. ಊರು ಬಿಟ್ಟೀತೆ? ಚಹಾದಂಗಡಿಯಲ್ಲಿ ಕುಳಿತವರು, "ಏನ್ರಿ ಗೈಡಸಾಹೇಬ್ರ, ಚೀನಾ ಮೂಲಂಗಿ ಹೆಂಗ್ ಕೊಟ್ರಿ?" ಎಂದು ಕೇಳತೊಡಗಿದರು. ಸಂತೆಯಲ್ಲಿ ಕೊಂಡ ಕ್ಯಾಲೆಂಡರ್ ಎಂದರು ಕೆಲವರು. ಚೀನಾದವನೇ ಬಂದಿರಲಿಲ್ಲ ಎಂದರು ಇನ್ನು ಕೆಲವರು. ಮಾಮಾ ತೀರಿಕೊಳ್ಳುವವರೆಗೂ, ತೀರಿಕೊಂಡ ಮೇಲೂ ಆ ಮನೆಗೆ ಬಂಡಲ್ ಗೈಡನ ಮನೆ ಎಂಬ ಹೆಸರು ಹೋಗಲಿಲ್ಲ.

ಹೋದ ವರ್ಷ ಒಂದು ಸುದ್ದಿ ಬಂತು. ಚೀನಾದಲ್ಲಿ ಎರಡು ವರ್ಷ ಕಲಿತು ಬಂದ, ಧಾರವಾಡದ ಕಡೆಯ ಒಬ್ಬ ಮೇಡಂ ಬಾದಾಮಿಯಲ್ಲಿ ಚಿತ್ರಕಲೆಯ ಶಿಬಿರ ನಡೆಸುತ್ತಾರಂತೆ. ನನ್ನ ಪಾಂಡಿತ್ಯ ಮೈಮುರಿದು ಎದ್ದಿತು. ಗುಳೇದಗುಡ್ಡಕ್ಕೆ ಓಡಿ, ಚಿತ್ರ ಕೊಡಕ್ಕಾ, ತೋರಿಸಿ ಬರುತ್ತೇನೆ, ಕೋಟಿ ಬೆಲೆಯದೂ ಇರಬಹುದು ಎಂದೆ.

ಅಕ್ಕ ಮಗ್ಗದಿಂದ ಏಳದೆಯೇ ಹೇಳಿದಳು: "ಬೆಲಿ ನೀನ ತಗೋ. ನನಗ ಒಂದ ಮಾತು ತಿಳಕೊಂಡು ಬಾ. ಅವರ ಹೆಸರು ಅದರಾಗ ಎಲ್ಲಿ ಐತಿ ಅಂತ ಕೇಳು. ನಾ ಹಿಂದ ಮುಂದ ಎಲ್ಲಾ ಹುಡುಕೀನಿ, ಸಿಕ್ಕಿಲ್ಲ. ಮಂದಿ ಅಂದಂಗ ಅವರು ಸುಳ್ಳ ಹೇಳ್ಯಾರೋ ಏನೋ. ಹೇಳಿದ್ರೂ ಹೇಳ್ಲಿ, ನನಗ ಗೊತ್ತಿರ್ಲಿ."

ಗಂಡನನ್ನು ಊರು ಹಂಗಿಸಿದಾಗ ಬಾಯಿ ತೆರೆಯದ ಹೆಂಗಸು, ಒಳಗೆ ಇಷ್ಟು ವರ್ಷ ಇದನ್ನು ಇಟ್ಟುಕೊಂಡಿದ್ದಳು. ನನಗೆ ಕೆಟ್ಟದೆನಿಸಿತು. ಆದರೆ ಕೋಟಿಯ ಯೋಚನೆಯಲ್ಲಿದ್ದವನಿಗೆ ಎಷ್ಟು ಕೆಟ್ಟದೆನಿಸಬಹುದೋ ಅಷ್ಟೇ. ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬರುವಷ್ಟರಲ್ಲಿ ಅಕ್ಕ ಸುರುಳಿಯನ್ನು ಹೊಸ ಖಣದಲ್ಲಿ ಸುತ್ತಿ, ದಾರ ಕಟ್ಟಿ, ಅದರ ಮೇಲೆ ಕುಂಕುಮ ಇಟ್ಟು ತಯಾರಾಗಿ ಇಟ್ಟಿದ್ದಳು. ಹಾಗೆಯೇ ತೆಗೆದುಕೊಂಡು ಬಾದಾಮಿಯ ಬಸ್ಸು ಹತ್ತಿದೆ. ಬಿಚ್ಚಿ ನೋಡುವ ಬುದ್ಧಿ ಪಂಡಿತರಿಗೆ ಇರುವುದಿಲ್ಲ.

ಮೇಡಂ ಶಿಬಿರದ ಊಟದ ಹೊತ್ತಿನಲ್ಲಿ ಸಿಕ್ಕರು. ಅವರು ಬಾಯಿ ತೆರೆಯುವ ಮೊದಲೇ ಶಾಂಘೈ ಪಂಥದ ಇತಿಹಾಸವನ್ನು ಅವರಿಗೇ ಹೇಳಿ ಮುಗಿಸಿದೆ. ಅವರು ಒಳ್ಳೆಯವರು, ಕೈ ತೊಳೆಯದೆ ಕೇಳಿದರು. ಆಮೇಲೆ ಕೈ ತೊಳೆದು ಸುರುಳಿ ಬಿಚ್ಚಿ ಬಹಳ ಹೊತ್ತು ನೋಡಿದರು.

"ಛಲೋ ಕೈ ಅದರಿ ಇದು" ಎಂದರು. "ನೀವು ಹೇಳಿದ್ದು ಖರೆ, ಆ ಪಂಥದ ಪರಂಪರೆಯೊಳಗ ಕಲತವರ ಕೆಲಸ. ಕಾಯಿಪಲ್ಲೆ ಬರಿಯೋದು ಅವರಿಗೆ ಭಾಳ ಪ್ರೀತಿ. ಮೂಲಂಗಿ ಎಲಿ ನೋಡ್ರಿ, ಒಂದ ಎಳತದಾಗ ಬರದಾರ. ಹಳೇದಲ್ಲ, ಕೋಟಿ ಗೀಟಿ ಬರೂದಿಲ್ಲ. ಆದ್ರ ಚಿತ್ರ ಸುಳ್ಳಲ್ಲ." ನನ್ನನ್ನು ಮೇಲೆ ಕೆಳಗೆ ನೋಡಿ ಕೇಳಿದರು: "ಇದನ್ನ ಮಾರೋವ್ರಿದ್ದೀರೇನ್ರಿ?"

"ಯಾಕ್ರಿ?"

"ಸಹಿ, ಮುದ್ರಿ ಒಂದೂ ಇಲ್ಲ. ಇಂಥವರಿಗೆ ಅಂತ ಬರದು ಕೊಟ್ಟ ಸಾಲನ್ನ ನೀಟಾಗಿ ಕತ್ತರಸೀರಲ್ರಿ, ಅದಕ್ಕ ಕೇಳಿದೆ."

ಎಡಗಡೆಯ ಅಂಚು ಇರಲಿಲ್ಲ. ಅಕ್ಷರದ ಸಾಲು, ಮುದ್ರೆ, ಎಲ್ಲ ಹೋಗಿ ಕಾಗದ ದಾರ ಹಿಡಿದು ಕತ್ತರಿಸಿದಂತೆ ನೆಟ್ಟಗೆ ನಿಂತಿತ್ತು. ಪಟ್ಟಿ ಒಳಗೆಲ್ಲಾದರೂ ಉಳಿದಿದೆಯೇ ಎಂದು ಖಣವನ್ನು ಕೊಡವಿ ನೋಡಿದೆ. ಮೇಡಂ ಸಮಾಧಾನ ಹೇಳಿದರು. ಚೀನಾದ ಚಿತ್ರದ ವ್ಯಾಪಾರಿಗಳು ಹಿಂದಿನಿಂದಲೂ ಹೀಗೆ ಮಾಡುತ್ತಾರಂತೆ. ಇಂಥವರಿಗೆ ಎಂದು ಬರೆದುಕೊಟ್ಟ ಚಿತ್ರವನ್ನು ಕೊಳ್ಳುವವನು, ಬೇರೆಯವರ ಹೆಸರು ನಮ್ಮ ಗೋಡೆಗೆ ಯಾಕೆ ಎಂದು ಹಿಂದೆಮುಂದೆ ನೋಡುತ್ತಾನಂತೆ. ಅದಕ್ಕೆ ಹೆಸರಿನ ಭಾಗ ತೆಗೆದರೆ ಬೆಲೆ ಏರುತ್ತದೆ. "ಮುದ್ರಿ ಮಾತ್ರ ಉಳಸಬೇಕಿತ್ತು. ಉಳದಂಗ ನಿಮ್ಮ ಮನ್ಯಾಗ ಯಾರಿಗೋ ಈ ಧಂದೆ ಛಲೋ ಗೊತ್ತದ" ಎಂದರು. ನನ್ನ ಅಕ್ಕನಿಗೆ ಶಾಂಘೈ ದಲ್ಲಾಳಿ ಎಂಬ ಪದವಿ ಹೀಗೆ ಬಾದಾಮಿಯಲ್ಲಿ ಪ್ರದಾನವಾಯಿತು.

ಮೇಡಂ ಅವರ ನಂಬರು ತೆಗೆದುಕೊಂಡು ಅದೇ ಬಸ್ಸಿನಲ್ಲಿ ಗುಳೇದಗುಡ್ಡಕ್ಕೆ ಮರಳಿದೆ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಕಠಿಣ ಮಾತುಗಳನ್ನು ಜೋಡಿಸಿಕೊಂಡೆ. ಕಲೆಯ ಕೊಲೆ ಎಂಬ ಒಂದು ಮಾತಂತೂ ನನಗೇ ಮೆಚ್ಚುಗೆಯಾಯಿತು.

"ಅಂಚು ಕತ್ತರಿಸಿದ್ದು ಯಾಕಕ್ಕಾ?" ಎಂದು ಹೊಸ್ತಿಲಲ್ಲೇ ಕೇಳಿದೆ.

ಅಕ್ಕನಿಗೆ ಆಶ್ಚರ್ಯವಾಯಿತು. "ಛಾಪಾ ಇತ್ತಲ್ಲೋ. ಛಾಪಾ ಇಟಗೊಂಡು ತಮ್ಮನ ಕೈಯಾಗ ಕೊಡಾಕ ಬರ್ತೈತೇನು?"

ನೇಕಾರರ ಮನೆಯಲ್ಲಿ ಹುಟ್ಟಿಯೂ ನಾನು ಮರೆತಿದ್ದ ವಿಷಯ ಅದು. ಅಂಗಡಿಗೆ ಹೋಗುವ ಖಣದ ಅಂಚಿಗೆ ವ್ಯಾಪಾರಿಯ ಛಾಪಾ, ಅಂದರೆ ಮುದ್ರೆ, ಇರಬೇಕು. ಉಡಿ ತುಂಬಲು, ತವರಿಗೆ, ಒಡಹುಟ್ಟಿದವರಿಗೆ ಕೊಡುವ ಖಣದ ಛಾಪಾ ಕತ್ತರಿಸಿಯೇ ಕೊಡಬೇಕು. ಹಾಗೆಯೇ ಕೊಟ್ಟರೆ ಮಾರಿದಂತಾಗುತ್ತದೆ, ನಮ್ಮ ಅವ್ವನೂ ಹಾಗೆ ಕೊಟ್ಟವಳಲ್ಲ. ಇನ್ನು ಆ ಅಕ್ಷರಗಳು ಅಕ್ಕನಿಗೆ ಹೊಸವೇ? ಚೀನಾ ರೇಷ್ಮೆಯ ನೂಲಿನ ಕಟ್ಟಿನ ಮೇಲೆ ಅಂಥದೇ ಅಕ್ಷರ, ಅಂಥದೇ ಕೆಂಪು ಮುದ್ರೆಯ ಚೀಟಿಯನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಹರಿಯುತ್ತ ಬಂದಿದ್ದಾಳೆ. ಅದು ಕಂಪನಿಯ ಗುರುತು. ಗಂಡನ ಹೆಸರನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹುಡುಕಿದವಳು, ಕಂಪನಿಯ ಗುರುತಿನಲ್ಲಿ ಯಾಕೆ ಹುಡುಕುತ್ತಾಳೆ?

ಕಲೆಯ ಕೊಲೆ ಎಂಬ ಮಾತನ್ನು ಕೈಬಿಟ್ಟೆ. "ಅದು ಕಂಪನಿದಲ್ಲಕ್ಕಾ. ಆ ಮುದುಕನ ಬರಹ. ಮಾಮಾನ ಹೆಸರು ಇದ್ರ ಅದರಾಗ ಇರಬೇಕು. ಒಲಿಗೆ ಹಾಕಿದೇನು?"

ಅಕ್ಕ ನೆಟ್ಟಗೆ ಮಗ್ಗದ ಹಿಂದಿನ ಗೋಡೆಗೆ ಹೋದಳು. ಮುಂದಿನ ಸಲ ಅದೇ ನೂಲು ತರಿಸಲು ಗುರುತಿಗೆ ಬೇಕೆಂದು ರೇಷ್ಮೆಯ ಚೀಟಿಗಳನ್ನು ಅಲ್ಲಿ ಒಂದು ಮೊಳೆಗೆ ಚುಚ್ಚಿ ಇಡುತ್ತಾಳೆ. ಎಲ್ಲಕ್ಕಿಂತ ಮೇಲೆ ನಮ್ಮ ಶಾಂಘೈ ಪರಂಪರೆ ನೇತಾಡುತ್ತಿತ್ತು, ನಡುವೆ ಮೊಳೆಯ ತೂತು ಸಹಿತ.

ಫೋಟೋ ತೆಗೆದು ಮೇಡಂಗೆ ಕಳಿಸಿದೆ. ಅಕ್ಕ ನನ್ನ ಪಕ್ಕ ನೆಲದ ಮೇಲೆ ಕುಳಿತಳು. ಅರ್ಧ ಗಂಟೆಯಾದ ಮೇಲೆ ಫೋನಿಗೆ ಮೇಡಂ ಅವರ ಧ್ವನಿಸಂದೇಶ ಬಂತು.

"ಸರ, ಓದಿ ಹೇಳತೀನ್ರಿ. ಹಿಂಗ ಬರದಾರ: ‘ಮುಖ ನೋಡದ ಅತ್ತಿಗೆಗೆ. ಎಂಟು ದಿನ ನಿಮ್ಮ ಕೈಯ ಊಟ ಉಂಡೆ. ಬುತ್ತಿ ತಂದ ಅಣ್ಣ ಬಹಳ ಮಾತಾಡಿದರು, ನನಗೆ ಒಂದೂ ತಿಳಿಯಲಿಲ್ಲ. ಊಟ ತಿಳಿಯಿತು. ಇದು ನಿಮಗೆ.’ ಕೆಳಗ ಊರು, ಅವರ ಸಹಿ. ಬ್ಯಾರೆ ಹೆಸರು ಯಾವುದೂ ಇಲ್ರಿ."

ಅಕ್ಕ ಇನ್ನೊಮ್ಮೆ ಹಚ್ಚಲು ಹೇಳಿದಳು. ಹಚ್ಚಿದೆ.

"ಅಂದ್ರ ಅವರ ಹೆಸರಿಲ್ಲ."

"ಇಲ್ಲ."

"ಅವರಿಗೆ ಇದು ಗೊತ್ತಿತ್ತೇನು?"

"ಅವರಿಗೆ ಎಲ್ಲಿ ಓದಾಕ ಬರ್ತಿತ್ತು ಅಕ್ಕಾ? ಕೈಗೆ ಕೊಟ್ಟಾನ, ತನಗ ಅಂದ್ಕೊಂಡಾರ."

"ಹಂಗಾದ್ರ ಸುಳ್ಳ ಹೇಳಿಲ್ಲ. ತಿಳೀದ ಹೇಳ್ಯಾರ." ಅವಳು ಅತ್ತಳು. ಗಂಡ ಸತ್ತ ದಿನವೂ ಹೀಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. "ಮಂದಿ ಮಾತ ಕೇಳಿ ನಾನೂ ಅನುಮಾನ ಪಟ್ನಲ್ಲೋ. ಖರೆನ ಬಂದಿದ್ದ ಆ ಮನಷ್ಯಾ. ಬುತ್ತಿ ಉಂಡಿದ್ದ."

ಚಿತ್ರ ತನ್ನದೇ ಎಂಬುದು ಅವಳ ಲೆಕ್ಕಕ್ಕೆ ಬಂದಂತೆಯೇ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ಆ ಪಟ್ಟಿಯನ್ನು ನನ್ನ ಮುಂದೆ ಇಟ್ಟು, ಇದನ್ನು ವಾಪಸ್ ಹಚ್ಚು ಎಂದಳು. ನನ್ನೊಳಗಿನ ಪಂಡಿತ ಇನ್ನೂ ಸತ್ತಿರಲಿಲ್ಲ. ಮುದ್ರೆಯಷ್ಟೇ ಹಚ್ಚೋಣ, ಬರಹ ಹಚ್ಚಿದರೆ ಬೆಲೆ ಇಳಿಯುತ್ತದೆ ಎಂದು ವಿವರಿಸಿದೆ.

"ಯಾರಿಗೆ?" ಎಂದಳು.

ಮೈದಾ ಹಿಟ್ಟಿನ ಅಂಟು ಕಾಸಿ ಪಟ್ಟಿಯನ್ನು ಹಚ್ಚಿದೆ. ಮೂವತ್ತು ವರ್ಷ ಮಕ್ಕಳಿಗೆ ನೆಟ್ಟಗೆ ಗೆರೆ ಎಳೆಯಲು ಕಲಿಸಿದವನು ಹಚ್ಚಿದ್ದು ಸ್ವಲ್ಪ ಸೊಟ್ಟಗಾಯಿತು. ಅಕ್ಕ ಅದನ್ನು ಬಾಗಿಲಿಗೆ ಎದುರಾಗಿ, ಬಂದವರಿಗೆಲ್ಲ ಕಾಣುವಲ್ಲಿ ತೂಗುಹಾಕಿಸಿ, ಕೈತೊಳೆದು ಅಡುಗೆಮನೆಗೆ ಹೋದಳು.

ಉಣ್ಣಲು ಕುಳಿತೆ. ಎಂಟು ದಿನ ಉಂಡ ಪರದೇಶಿ ಒಂದು ಚಿತ್ರ ಬರೆದುಕೊಟ್ಟು ಹೋಗಿದ್ದ. ನಾನು ನೆನಪು ಬಂದಾಗಿನಿಂದ ಈ ಕೈಯ ರೊಟ್ಟಿ ಉಂಡವನು, ಮೇಲಾಗಿ ಚಿತ್ರಕಲಾ ಮಾಸ್ತರ, ಬರೆಯುವುದು ಹಾಗಿರಲಿ, ಬಾಯಿಬಿಟ್ಟು ಒಂದು ಮಾತೂ ಹೇಳಿರಲಿಲ್ಲ. ನಾಚಿಕೆಯಾಯಿತು. ಎರಡನೆಯ ರೊಟ್ಟಿಗೆ ಧೈರ್ಯ ಮಾಡಿ, ರೊಟ್ಟಿ ಭಾಳ ಛಲೋ ಆಗ್ಯಾವಕ್ಕಾ ಎಂದೆ.

ಅಕ್ಕ ಹಿಟ್ಟು ಹತ್ತಿದ ಕೈಯನ್ನು ಸೀರೆಗೆ ಒರೆಸಿಕೊಂಡು ಎದ್ದು ಬಂದು, ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.