ಕಬ್ಬು ಕಡಿಯದ ಕೂಸಿನ ನವೆ

"ಈ ಕೂಸೂ ಕಬ್ಬು ಕಡಿಯೋಕೆ ಬರುತ್ತೇನಮ್ಮ?"

ಯಳಂದೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಮಗಳ ಅಂಗೈ ಬಿಡಿಸಿ ಕೇಳಿದರು. ನಾನು ಕೈ ಕೆರೆದುಕೊಳ್ಳುವುದನ್ನು ಕಂಡು ಏನೆಂದು ವಿಚಾರಿಸಿದಾಗ, "ಮನೇಲಿ ಎಲ್ರಿಗೂ ಅದೆ, ಕಬ್ಬಿನ್ ಗರಿ ತಾಗಿ ನವೆ ಕಣ್ರಿ ಮೇಡಂ" ಎಂದು ಆಗಷ್ಟೇ ಹೇಳಿದ್ದೆ. ಹೊನ್ನೂರಿನ ಗದ್ದೆಗೆ ಹೋಗುವವರು ನಾನೂ ನನ್ನ ಗಂಡನೂ ಮಾತ್ರ. ಗದ್ದೆಯನ್ನೇ ಕಾಣದ ಕೂಸಿನ ಅಂಗೈ ತುಂಬ ಕೆಂಪು ಗುಳ್ಳೆ. ನನ್ನ ಬೆರಳ ಸಂದಿಯಲ್ಲೂ ಮಣಿಕಟ್ಟಿನಲ್ಲೂ ಅವೇ ಗುಳ್ಳೆ. ರಾತ್ರಿ ನವೆ ಹೆಚ್ಚೇ ಎಂದರು, ಹೌದೆಂದೆ. ಇದು ಕಜ್ಜಿ, ಎತ್ತಿಕೊಂಡವರಿಂದಲೇ ಕೂಸಿಗೆ ಅಂಟಿದೆ, ಮನೆಮಂದಿಯೆಲ್ಲ ಒಂದೇ ದಿನ ಮುಲಾಮು ಹಚ್ಚಿಕೊಳ್ಳಿ ಎಂದರು.

ಎಲ್ಲರಿಗೂ ವಾಸಿಯಾಯಿತು. ಈಗಲೂ ಗದ್ದೆಯಿಂದ ಬಂದಾಗ ಮೈ ನವೆಯಾದರೆ ಮೊದಲು ಬೆರಳ ಸಂದಿ ನೋಡಿಕೊಳ್ಳುತ್ತೇನೆ, ಕೂಸನ್ನು ಎತ್ತಿಕೊಳ್ಳುವುದು ಆಮೇಲೆ.