ಡಬ್ಬಿಯ ತಳದ ಉದ್ದು

ಮೀರಾ, ಕಾರ್ತಿಕ್ — ನಿಮ್ಮ ಅಜ್ಜಿಯ ಕೈ ಗ್ರೈಂಡರನ್ನು ಸೋಲಿಸಿತು ಎಂದು ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಸುಳ್ಳು. ಆ ದಿನ ನಾನು ಮೋಸ ಮಾಡಿದ್ದೆ.

ಹೋದ ವಾರ ಮೀರಾ ತನ್ನ ಕಾಲೇಜಿನ ಪಾಠ ಹೇಳುತ್ತಿದ್ದಳು. ವಿಜ್ಞಾನದಲ್ಲೂ ವ್ಯಾಪಾರದಲ್ಲೂ ಒಂದು ಕಾಲದ ನಂಬಿಕೆಯೇ ಬುಡಸಮೇತ ಬದಲಾಗುವುದುಂಟಂತೆ. "ಆದ್ರೆ ಹಳೇ ಥಿಯರಿಯವರು ಈಸಿಯಾಗಿ ಬಿಡಲ್ಲ ಅಜ್ಜಿ. ಪ್ರೂಫ್ ಕೊಟ್ರೂ ಟೆಸ್ಟೇ ತಪ್ಪು ಅಂತಾರೆ, ತೆರಿಯುಮಾ?" 'ಗೊತ್ತಾ' ಎನ್ನುವುದು ಅವಳಿಗೆ ತಮಿಳಿನಲ್ಲೇ ಬರುವುದು. ನಾನು ಬೀನ್ಸಿನ ನಾರು ತೆಗೆಯುತ್ತಿದ್ದೆ. ಟೆಸ್ಟನ್ನೇ ಕೆಡಿಸಿದವರ ವಿಷಯ ಅವಳ ಪಾಠದ ಪುಸ್ತಕದಲ್ಲಿ ಇದೆಯೋ ಇಲ್ಲವೋ —

ಆಗ ಈ ತಮಿಳು ಊರಿನಲ್ಲಿ ನಮ್ಮ ಹೋಟೆಲು ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರದ ಓಣಿಯಲ್ಲಿತ್ತು. ಇಡ್ಲಿ ಹಿಟ್ಟನ್ನು ಒರಳಿನಲ್ಲಿ ನಾನೇ ರುಬ್ಬುತ್ತಿದ್ದೆ. ಕೈಯಲ್ಲಿ ರುಬ್ಬಿದರೆ ಮಾತ್ರ ಹಿಟ್ಟು ಉಬ್ಬುತ್ತದೆ ಎಂದು ನಿಮ್ಮ ಅಜ್ಜ ನಂಬಿದ್ದರು. ಅವರ ತಮ್ಮ ವಾಸು, ನಿಮ್ಮ ಚಿಕ್ಕಜ್ಜ, ಒಂದು ದಿನ ಗ್ರೈಂಡರ್ ತಂದಿಳಿಸಿದ.

"ಅತ್ತಿಗೆ, ಇನ್ನು ನಿಮ್ಮ ರಟ್ಟೆಗೆ ಪೆನ್ಷನ್."

"ಪೆನ್ಷನ್ ಆಮೇಲೆ ಕೊಡುವ. ಮೊದಲು ಇಡ್ಲಿ ಮಾಡಿ ತೋರಿಸು ಮಾರಾಯ," ಎಂದರು ಅಜ್ಜ.

ಒಂದೇ ಅಕ್ಕಿ, ಒಂದೇ ಉದ್ದು. ಅರ್ಧ ಒರಳಿಗೆ, ಅರ್ಧ ಗ್ರೈಂಡರಿಗೆ ಎಂದು ಮಾತಾಯಿತು. ಸೋತರೆ ಗ್ರೈಂಡರ್ ವಾಪಸ್ಸು. ನೆನೆಹಾಕುವ ಕೆಲಸ ನನ್ನದು.

ಹಳೆಯ ಉದ್ದಿನ ಹಿಟ್ಟು ಸರಿಯಾಗಿ ಉಬ್ಬುವುದಿಲ್ಲ, ಹೋಟೆಲಿನವರಿಗೆಲ್ಲ ಗೊತ್ತು. ನೆನೆದ ಮೇಲೆ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯುವುದಿಲ್ಲ. ಒರಳಿನ ಪಾಲಿಗೆ ಹೊಸ ಉದ್ದು ನೆನೆಹಾಕಿದೆ. ಗ್ರೈಂಡರಿನ ಪಾಲಿಗೆ — ಡಬ್ಬಿಯ ತಳದಲ್ಲಿ ವರ್ಷದಿಂದ ಬಿದ್ದಿದ್ದನ್ನು.

ಮರುದಿನ ಬೆಳಿಗ್ಗೆ ವಾಸುವಿನ ಇಡ್ಲಿಗಳು ತಟ್ಟೆಗೆ ಅಂಟಿಕೊಂಡು ಚಪ್ಪಟೆಯಾಗಿದ್ದವು. "ಈ ಯಂತ್ರದಲ್ಲಿ ಗೋಡೆಗೆ ಗಾರೆ ರುಬ್ಬಬಹುದು," ಎಂದರು ಅಜ್ಜ. ಗಿರಾಕಿಗಳೂ ನಕ್ಕರು. ವಾಸು ಒಳಗೆ ಬಂದು ಮೆಲ್ಲಗೆ ಕೇಳಿದ:

"ಅತ್ತಿಗೆ, ಉದ್ದು ಒಂದೇ ಅಲ್ವಾ?"

"ಒಂದೇ," ಎಂದೆ.

ಅವನು ನಂಬಿದ. ಅಣ್ಣನೊಂದಿಗೆ ಮಾತು ಬಿಟ್ಟು ಊರಾಚೆಯ ಪೋರೂರಿಗೆ ಹೋದ. ಸ್ವಂತ ಹೋಟೆಲು ನಡೆಸಬೇಕಾದವನು ಬೇರೆಯವರ ಅಡುಗೆಮನೆಯಲ್ಲಿ ತಲೆ ನರೆಸಿಕೊಂಡ. ಎದುರಿನ ಹೋಟೆಲಿನವರು ಗ್ರೈಂಡರ್ ಹಾಕಿ ಸಂಜೆಗೂ ಇಡ್ಲಿ ಕೊಟ್ಟರು. ಕೈಯಲ್ಲಿ ರುಬ್ಬಿದ್ದು ನಮ್ಮಲ್ಲಿ ಬೆಳಿಗ್ಗೆಯೇ ಮುಗಿಯುತ್ತಿತ್ತು. ಕೊನೆಗೆ ಬಾಗಿಲು ಹಾಕಿದೆವು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆ ಹೋಟೆಲಿನಲ್ಲಿ ಯಾರಿಗಾದರೂ ನಾನು ಬೇಕಾಗಿದ್ದರೆ ಅದು ಒರಳಿನ ಕೆಲಸಕ್ಕೆ ಮಾತ್ರ. ಅದೂ ಹೋದರೆ ನಾನು ಯಾರು ಎಂಬ ಹೆದರಿಕೆ — ಇರಲಿ. ಹೆದರಿಕೆ ನನ್ನದಾಗಿತ್ತು, ಅದರ ಬೆಲೆ ಕೊಟ್ಟವನು ವಾಸು.

ಅಜ್ಜ ಕೊನೆಯವರೆಗೂ ನನ್ನ ಕೈಯನ್ನು ಹೊಗಳುತ್ತಿದ್ದರು. ಈಗಲೂ ಮನೆಯ ಸಮಾರಂಭಗಳಲ್ಲಿ ಯಾರಾದರೂ ಆ ಕಥೆ ಹೇಳುತ್ತಾರೆ. ಪಂಕ್ತಿಯಲ್ಲಿ ಕೂತ ವಾಸುವೂ ಎಲ್ಲರ ಜೊತೆ ನಗುತ್ತಾನೆ. ಅದನ್ನು ನೋಡಲು ನನಗೆ —

ಭಾನುವಾರ ಪೋರೂರಿಗೆ ಹೋಗಿ ಅವನೆದುರೇ ಹೇಳುತ್ತೇನೆ. ಕೇಳಿ ಅವನು ಏನೆಂದರೂ ಸರಿ.

ಕನ್ನಡ ಓದುವುದು ನಿಮಗೆ ನಿಧಾನ, ಗೊತ್ತು. ಆದರೂ ಈ ಹಾಳೆಗಳನ್ನು ಜೋಪಾನವಾಗಿಡಿ. ನಾನಿಲ್ಲದಾಗ ಯಾರಾದರೂ ಆ ಕಥೆ ಎತ್ತಿದರೆ, ನಗು ಶುರುವಾಗುವ ಮೊದಲೇ ಇದನ್ನು ಗಟ್ಟಿಯಾಗಿ ಓದಿಬಿಡಿ.