ಎರ್ಲೀನಳ ಹೊಟ್ಟೆಗೆ ವಿಮೆ ಇಲ್ಲ

ಎರ್ಲೀನ್ ಗಿಡ್ರಿಯೂ ನಾನೂ ಅಮೆರಿಕದ ಲೂಸಿಯಾನಾದ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ವರ್ಷಾನುಗಟ್ಟಲೆ ಒಟ್ಟಿಗೆ ಬೆವರಿದವರು. ಅವಳ ಗಂಡ ಆಲ್ಸೀಡನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್ ಮಾಡಿಸಿಕೊಂಡು, ಹಿಂಡಿದ ಬಟ್ಟೆಯ ಹಾಗೆ ಮನೆಗೆ ಬರುತ್ತಿದ್ದ. ಎರ್ಲೀನಳ ಕಿಡ್ನಿ ಅವನಿಗೆ ಹೊಂದುತ್ತಿತ್ತು. ಕೊಡಲು ಅವಳು ತುದಿಗಾಲಲ್ಲಿ ನಿಂತಿದ್ದಳು. ಆದರೆ ಇಷ್ಟು ದಪ್ಪ ಮೈಯಿಂದ ಕಿಡ್ನಿ ತೆಗೆಯುವುದಿಲ್ಲ, ಮೊದಲು ತೂಕ ಇಳಿಸಿ ಎಂದರು ಆಸ್ಪತ್ರೆಯವರು. ಪಥ್ಯ ಮಾಡಿದಳು; ಇಳಿದದ್ದೆಲ್ಲ ಮತ್ತೆ ಏರಿತು. ಕೊನೆಗೆ ಡಾಕ್ಟರೇ ಹೊಟ್ಟೆ ಕಿರಿದು ಮಾಡುವ ಆಪರೇಷನ್ ಬರೆದುಕೊಟ್ಟರು.

ಅವಳು ವಿಮಾ ಕಂಪನಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಬೆಂಡೆಕಾಯಿ ಹೆಚ್ಚುತ್ತಿದ್ದೆ.

"ತೂಕ ಇಳಿಸೋ ಆಪರೇಷನ್ ನಿಮ್ಮ ಪಾಲಿಸೀಲಿ ಬರಲ್ಲ ಮೇಡಂ," ಎಂದಿತು ಹುಡುಗಿಯೊಬ್ಬಳ ಸಿಹಿ ದನಿ.

"ಗಂಡಂಗೆ ಕಿಡ್ನಿ ಕೊಡೋಕಮ್ಮಾ."

"ಕಿಡ್ನಿ ತೆಗೆಯೋ ಖರ್ಚು ಪೂರ್ತಿ ಕೊಡ್ತೀವಿ. ಹೊಟ್ಟೇದು ಮಾತ್ರ ಇಲ್ಲ."

"ಈ ತೂಕಕ್ಕೆ ಸಕ್ಕರೆ ಕಾಯಿಲೆ ಬೇರೆ ಬರುತ್ತೆ ಅಂತಾರೆ ಡಾಕ್ಟ್ರು. ನಾಳೆ ಕಾಲು ಕೊಳೆತು ಕತ್ತರಿಸಬೇಕಾದ್ರೆ?"

"ಅದಕ್ಕೆ ಖಂಡಿತ ಕೊಡ್ತೀವಿ ಮೇಡಂ. ಕೃತಕ ಕಾಲಿಗೂ ಕೊಡ್ತೀವಿ."

"ಹಾಗಾದ್ರೆ ಎರಡೂ ಕಾಲು ಕತ್ತರಿಸ್ಬಿಡಿ ತಾಯಿ, ತೂಕ ಇಳಿಯುತ್ತೆ!"

ಆ ಹುಡುಗಿ ನಗಲಿಲ್ಲ. ದಿನಾ ಸ್ವಲ್ಪ ನಡೆಯಿರಿ ಎಂದು ಬುದ್ಧಿ ಹೇಳಿ ಫೋನ್ ಇಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಆಲ್ಸೀಡ್ ಬದುಕಿರುವಷ್ಟು ದಿನ ಡಯಾಲಿಸಿಸ್‌ಗೆ ಸುರಿಯಲು ಇವರ ಹತ್ತಿರ ದುಡ್ಡಿದೆ, ಅವನನ್ನು ಅದರಿಂದ ಬಿಡಿಸಲು ಇಲ್ಲ!

ನಮ್ಮೂರಲ್ಲಿ ಯಾರಿಗೆ ಕಷ್ಟ ಬಂದರೂ ನಮಗೆ ಗೊತ್ತಿರುವ ಉಪಾಯ ಒಂದೇ, ಮೀನು ಕರಿದು ಮಾರುವುದು. ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳು. ಶುಕ್ರವಾರ ಯಾರೂ ಮಾಂಸ ಮುಟ್ಟುವುದಿಲ್ಲ, ಮೀನಾದರೆ ಅಡ್ಡಿಯಿಲ್ಲ. ಚರ್ಚಿನ ಹೆಂಗಸರ ಯಜಮಾನಿ ಮಿಸ್ ಒಡೀಲ್ ಅಂಗಳದಲ್ಲಿ ಬಾಣಲೆ ಇಡಿಸಿದರು. ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನು, ಮೇಯನೇಸ್ ಸುರಿದ ಆಲೂಗಡ್ಡೆ, ಮೇಲೊಂದು ಸಿಹಿ. ಒಬ್ಬಳ ಹೊಟ್ಟೆ ಕಿರಿದು ಮಾಡಿಸಲು ಇಡೀ ಊರಿನ ಹೊಟ್ಟೆ ಹಿಗ್ಗಿಸಿದೆವು.

"ಇನ್ನೊಂದು ತಟ್ಟೆ ತಗೊಳ್ಳೋ! ಎರ್ಲೀನ್ ಸಣ್ಣಗಾಗ್ಬೇಕೋ ಬೇಡ್ವೋ?" ಎಂದು ಮಿಸ್ ಒಡೀಲ್ ಹೋಗುವ ಬರುವ ಕಾರುಗಳನ್ನೆಲ್ಲ ಗದರುತ್ತಿದ್ದರು.

ಆಲ್ಸೀಡ್ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. "ಎಲ್ರೂ ಸೇರ್ಕೊಂಡು ನನ್ನ ಹೆಂಡ್ತೀನ ಅರ್ಧ ಮಾಡ್ತಿದೀರಲ್ರೋ," ಎಂದ. "ನಂಗೆ ಇಡೀ ಹೆಂಡ್ತೀನೇ ಇಷ್ಟ ಕಣ್ರೋ."

"ಮುಚ್ಕೊಂಡು ಕೂತ್ಕೊ, ಮುದುಕಾ," ಎಂದಳು ಎರ್ಲೀನ್. ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಳು.

ದುಡ್ಡು ಕೂಡಿತು. ಹಬ್ಬ ಕಳೆದ ಮೇಲಿನ ವಾರಕ್ಕೆ ಆಪರೇಷನ್ ನಿಗದಿಯಾಯಿತು. ಹಬ್ಬಕ್ಕೆ ಮೂರೇ ದಿನ ಇರುವಾಗ, ಡಯಾಲಿಸಿಸ್ ನಡೆಯುತ್ತಿದ್ದಂತೆಯೇ ಆಲ್ಸೀಡನ ಎದೆಬಡಿತ ನಿಂತುಹೋಯಿತು. ಮೀನು ಮಾರಿದ ದುಡ್ಡಲ್ಲಿ ಶವಪೆಟ್ಟಿಗೆ ಬಂತು. ಆ ಕಂಪನಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ಎರ್ಲೀನಳಿಗೆ ಅನ್ನ ಸೇರಲಿಲ್ಲ. ನಾವು ಕೊಟ್ಟ ಸೂಪು ಹಾಗೇ ಆರಿಹೋಗುತ್ತಿತ್ತು. ಚಳಿಗಾಲದ ಹೊತ್ತಿಗೆ ಆಸ್ಪತ್ರೆಯವರು ಕೇಳಿದ್ದಕ್ಕಿಂತ ಕಡಿಮೆ ತೂಗುತ್ತಿದ್ದಳು. ಶಾಲೆಯವರ ವಾರ್ಷಿಕ ಆರೋಗ್ಯ ತಪಾಸಣೆಯಿಂದ ಆ ಸುದ್ದಿ ವಿಮಾ ಕಂಪನಿಗೂ ಮುಟ್ಟಿತು. ಫೋನ್ ಬಂದಾಗ ಎರ್ಲೀನ್ ಪಾತ್ರೆ ಉಜ್ಜುತ್ತಿದ್ದಳು. ನಾನೇ ಫೋನನ್ನು ಅವಳ ಕಿವಿಗೆ ಹಿಡಿದೆ.

"ಅಭಿನಂದನೆ ಮೇಡಂ! ಆಪರೇಷನ್ ಇಲ್ದೇನೇ ಇಷ್ಟು ಇಳಿಸಿದೀರಿ! ಹೇಗೆ ಅಂತ ಹೇಳಿದ್ರೆ ನಮ್ಮ ಬೇರೆ ಗ್ರಾಹಕರಿಗೂ ತಿಳಿಸ್ತೀವಿ."

"ಗಂಡ ಸತ್ತ," ಎಂದಳು ಎರ್ಲೀನ್. "ಬರ್ಕೊಳ್ಳಮ್ಮಾ. ಎಲ್ರಿಗೂ ತಿಳಿಸು."